ಬೆಳ್ಳಿಯದೊಂದು, ಕಂಚಿನದೊಂದು

ಲೆಯಾರ್ಕೊನ ಹೊಲದಲ್ಲಿ ಮೂಳೆ ಕಾಣಿಸಿದಾಗ ಅವನು ತಲೆಮೇಲಿನ ಟೋಪಿ ತೆಗೆದು ನೆಲಕ್ಕೆ ಬಡಿದ.

"ನಾಯಿದು ಅದು," ಅಂದ. "ನಮ್ಮಪ್ಪ ಒಂದು ಬೇಟೆನಾಯಿ ಸಾಕಿದ್ದ. ಸತ್ತಾಗ ಇಲ್ಲೇ ಎಲ್ಲೋ ಹೂತಿದ್ದ. ಮುಚ್ಚಿ, ಮುಚ್ಚಿ."

ಗುಂಡಿಯೊಳಗೆ ಮಂಡಿಯೂರಿದ್ದ ಎರ್ಸಿಲಿಯ ತಲೆ ಎತ್ತಲಿಲ್ಲ. "ನಿಮ್ಮಪ್ಪನ ನಾಯಿ ಹೆಗಲಿಗೆ ಬೆಳ್ಳಿ ಪಿನ್ನು ಚುಚ್ಕೊಳ್ತಿತ್ತಾ, ಲೆಯಾರ್ಕೊ ಅವ್ರೆ?"

ಅಗೆಯುವ ಯಂತ್ರದ ಮೇಲಿದ್ದ ಚಾಲಕ ಕಿಸಕ್ಕನೆ ನಕ್ಕ. ಲೆಯಾರ್ಕೊ ನಗಲಿಲ್ಲ. ದ್ರಾಕ್ಷಾರಸ ಹುದುಗಿಸಲು ಹೊಸ ಶೆಡ್ಡು ಕಟ್ಟಿಸಬೇಕೆಂದು ಅವನು ಹಿಂದಿನ ವರ್ಷದಿಂದ ಕಚೇರಿ ಕಚೇರಿ ಅಲೆದಿದ್ದ. ಸ್ಟೀಲಿನ ಟ್ಯಾಂಕುಗಳು ಆಗಲೇ ಬಂದು ಅಂಗಳದಲ್ಲಿ ಬಿಸಿಲು ಕಾಯಿಸುತ್ತ ನಿಂತಿದ್ದವು. ಪಿಯೆವೆ ಸಾಲ್ಸ ಊರಿನ ಕಣಿವೆಯಲ್ಲಿ ಯಾರೇ ತಳಪಾಯ ತೋಡಿದರೂ ಪುರಾತತ್ವದವರೊಬ್ಬರು ಪಕ್ಕದಲ್ಲಿ ನಿಂತು ನೋಡಬೇಕು, ಹಳೆಯದೇನಾದರೂ ಕಂಡರೆ ಕೆಲಸ ನಿಲ್ಲಿಸಬೇಕು. ಹಾಗೆ ನಿಂತು ನೋಡುವುದೇ ಎರ್ಸಿಲಿಯ ಜಕ್ಕರೀನಿಯ ಕಸುಬು. ಗ್ಯಾಸ್ ಪೈಪಿನ ಕಾಲುವೆ, ಚರಂಡಿ, ಸೂಪರ್ ಮಾರ್ಕೆಟ್ಟಿನ ಪಾಯ ಎಂದು ಬೇರೆಯವರು ತೋಡಿದ ಗುಂಡಿಗಳ ಅಂಚಿನಲ್ಲೇ ಅವಳ ಅರ್ಧ ಆಯುಷ್ಯ ಕಳೆದಿತ್ತು.

ಓದುವ ಕಾಲದಲ್ಲಿ ಅವಳು ಗೋಥರ ಹಿಂದೆ ಬಿದ್ದವಳು. ರೋಮ್ ಕುಸಿದ ಮೇಲೆ ಪೂರ್ವದಿಂದ ಬಂಡಿ ಕಟ್ಟಿಕೊಂಡು ಬಂದು, ರವೆನ್ನಾದಲ್ಲಿ ಗದ್ದುಗೆ ಹಾಕಿ ಇಟಲಿಯನ್ನಾಳಿದ ಜನ ಅವರು. ಕತ್ತಿ ಹಿಡಿಯುವುದು ಗೋಥರಿಗೆ, ಕಾನೂನು ಬರೆಯುವುದು ರೋಮನರಿಗೆ, ಜಮೀನಿನಲ್ಲಿ ಇಬ್ಬರಿಗೂ ಪಾಲು ಎಂದು ಹಂಚಿಕೊಂಡು ಸ್ವಲ್ಪ ಕಾಲ ಬದುಕಿದರು. ಆಮೇಲೆ ಕಾನ್‌ಸ್ಟಾಂಟಿನೋಪಲ್ಲಿನ ಸೈನ್ಯ ಬಂತು. ಮುಗಿಯದ ಯುದ್ಧದಲ್ಲಿ ಅವರ ಹೆಸರೇ ಅಳಿಸಿಹೋಯಿತು. ಅವರ ರಾಜನ ಗೋರಿಯನ್ನು ಶಾಲೆಯ ಮಕ್ಕಳೂ ನೋಡಿರುತ್ತಾರೆ. ಅವರಲ್ಲಿ ಹೊಲ ಉಳುತ್ತಿದ್ದವರು, ರೊಟ್ಟಿ ಸುಡುತ್ತಿದ್ದವರು ಎಲ್ಲಿ ಹೋದರು? ಎರ್ಸಿಲಿಯಳಿಗೆ ಬೇಕಾಗಿದ್ದದ್ದು ಅದು. ಸಿಕ್ಕಿದ್ದು ಮಾತ್ರ ಮಡಕೆಯ ಚೂರು, ಮುರಿದ ಬಾಚಣಿಗೆ, ಯಾರದೆಂದು ಹೇಳಲಾಗದ ಇದ್ದಿಲು.

ಈಗ ಅವಳ ಮುಂದೆ ಒಬ್ಬ ಹೆಂಗಸು ಮಲಗಿದ್ದಳು. ಎರ್ಸಿಲಿಯಳ ಜೊತೆಗಾರ ಇಲಾರಿಯೊ ನೆರಳಿಗೆಂದು ಮೇಲಿನಿಂದ ಡೇರೆಯ ಬಟ್ಟೆ ಹಿಡಿದ. ಅವಳು ಮರದ ಕಡ್ಡಿಯಿಂದ ಮಣ್ಣು ಕೆರೆಯುತ್ತ ಹೋದಳು. ಬಲಹೆಗಲಿನ ಮೇಲೆ ಅಂಗೈಯಷ್ಟುದ್ದದ ಪಿನ್ನು, ಚಿನ್ನದ ನೀರು ಕುಡಿಸಿದ ಬೆಳ್ಳಿಯದು. ತಲೆಯ ಕಡೆ ಬೆರಳುಗಳ ಹಾಗೆ ಚಾಚಿದ ಗುಬುಟುಗಳು, ಸುತ್ತ ಬಳ್ಳಿಯ ಕೆತ್ತನೆ. ಗೋಥರ ಹೆಂಗಸರು ಮೇಲುವಸ್ತ್ರವನ್ನು ಎರಡೂ ಹೆಗಲಿಗೆ ಇಂಥದ್ದೇ ಜೋಡಿಯಿಂದ ಸಿಕ್ಕಿಸಿಕೊಳ್ಳುತ್ತಿದ್ದರು. ಎಡಹೆಗಲ ಮಣ್ಣು ತೆಗೆದಾಗ ಅದರ ಜೋಡಿ ಕಂಡಿತು. ಹಸಿರು ಹಿಡಿದಿತ್ತು.

"ಇದು ಬೆಳ್ಳಿ ಅಲ್ಲ," ಅಂದಳು ಎರ್ಸಿಲಿಯ.

"ಕೊಳೆ ಇರ್ಬೇಕು."

"ಕೊಳೆ ಅಲ್ಲ ಇಲಾರಿಯೊ, ಕಂಚು. ಇಲ್ನೋಡು, ಆ ಬೆಳ್ಳಿಯದರ ಈ ಬೆರಳು ತುದೀಲಿ ಮುಕ್ಕಾಗಿದೆ. ಇದರಲ್ಲೂ ಅದೇ ಬೆರಳು ಅಲ್ಲೇ ಮುಕ್ಕಾಗಿದೆ. ಬೆಳ್ಳಿಯದನ್ನ ಜೇಡಿಮಣ್ಣಿಗೆ ಒತ್ತಿ, ಆ ಅಚ್ಚಿಗೆ ಕಂಚು ಹುಯ್ದಿದಾರೆ. ಒಂದು ಕಳೆದುಹೋಗಿದೆ, ಇಲ್ಲಾ ಮಾರಿದಾರೆ. ಜೋಡಿ ಇಲ್ಲದೆ ಹೊರಗೆ ಹೋಗೋದು ಹೇಗೆ? ಊರಿನ ಕಂಚುಗಾರನ ಹತ್ರ ಹೋಗಿ, ಇದೇ ಥರದ್ದು ಇನ್ನೊಂದು ಮಾಡ್ಕೊಡಪ್ಪಾ ಅಂದಿದಾಳೆ."

ಇಲಾರಿಯೊ ಸೀಟಿ ಹೊಡೆದ. ಎರ್ಸಿಲಿಯಳಿಗೆ ಎದೆ ತುಂಬಿ ಬಂತು. ಬೆನ್ನೆಲುಬಿನ ಕೆಳಗಿನ ಗಣ್ಣುಗಳು ಸವೆದು ಒಂದಕ್ಕೊಂದು ಅಂಟಿಕೊಂಡಿದ್ದವು. ವರ್ಷಾನುಗಟ್ಟಲೆ ಹೊರೆ ಹೊತ್ತ ಬೆನ್ನು ಅದು. ಹೊರೆ ಹೊತ್ತ ಹೆಂಗಸು, ಹೆಗಲಿನ ಮೇಲೊಂದು ಬೆಳ್ಳಿ, ಒಂದು ಕಂಚು. ಇಷ್ಟು ವರ್ಷ ಹುಡುಕಿದ್ದು ಇವಳನ್ನೇ ಎಂದು ಅವಳಿಗೆ ಖಾತ್ರಿಯಾಯಿತು.

ಅಷ್ಟು ಹೊತ್ತಿಗೆ ಮೇಯರ್ ಬಂದಳು. ಮೇಯರ್ ಆದರೂ ಲುಚಾನ ಸಮೋರಿ ಊರಿನ ಔಷಧಿ ಅಂಗಡಿಯವಳು. ಎರ್ಸಿಲಿಯಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ತೋಟದ ಕೆಸರಿನಲ್ಲಿ ಎತ್ತರದ ಹಿಮ್ಮಡಿಯ ಬೂಟು ಸಿಕ್ಕಿಸಿಕೊಂಡು, ಬೈದುಕೊಳ್ಳುತ್ತ, ಗುಂಡಿಯ ಅಂಚಿಗೆ ಬಂದು ಬಗ್ಗಿದಳು. ಬೆಳ್ಳಿ ಮಿನುಗಿತು.

"ದೇವರೇ," ಅಂದಳು. "ರಾಜಕುಮಾರಿ!"

"ಅಲ್ಲ ಕಣೇ," ಅಂದಳು ಎರ್ಸಿಲಿಯ. "ಅವಳ ಬೆನ್ನು ನೋಡು."

"ಬೆನ್ನು ನೀನು ನೋಡ್ಕೋ. ನಂಗೆ ಆ ಪಿನ್ನು ಸಾಕು."

ಮರುದಿನದ ಪತ್ರಿಕೆಯಲ್ಲಿ "ದ್ರಾಕ್ಷಿತೋಟದ ಗೋಥ್ ರಾಜಕುಮಾರಿ" ಎಂದು ಬಂತು. ಚಿತ್ರದಲ್ಲಿ ಬೆಳ್ಳಿಯ ಪಿನ್ನೊಂದೇ ಇತ್ತು. ಎರ್ಸಿಲಿಯ ಪತ್ರಿಕೆಗೆ ಫೋನು ಮಾಡಿದಳು. ಅತ್ತಲಿನವನು ಎಲ್ಲವನ್ನೂ ಸಾವಧಾನವಾಗಿ ಕೇಳಿ, "ಹಾಗಾದ್ರೆ ಅವಳು ರಾಣಿ ಇರಬಹುದಾ?" ಅಂದ. ಫೋನನ್ನು ಮೇಜಿನ ಮೇಲೆ ಕುಕ್ಕಿದಳು. ಆ ವಾರದಲ್ಲೇ ಬೇಕರಿಯ ಕಿಟಕಿಯಲ್ಲಿ ಕಿರೀಟದಾಕಾರದ ಬಿಸ್ಕತ್ತು ಕಾಣಿಸಿಕೊಂಡವು. ಕಾಫಿ ಕುಡಿಯಲು ಹೋದರೆ, ಅಂಗಡಿಯವನು "ಏನಂತಾರೆ ನಿಮ್ಮ ರಾಜಕುಮಾರಿ?" ಎಂದು ಕೇಳುತ್ತಿದ್ದ. ಮೊದಮೊದಲು ಅವಳು ವಿವರಿಸುತ್ತಿದ್ದಳು. ಆಮೇಲೆ ಬೇರೆ ಅಂಗಡಿಗೆ ಹೋದಳು. ಅಲ್ಲಿನವನೂ ಅದನ್ನೇ ಕೇಳಿದ.

ಒಂದು ಗೋರಿ ಇದ್ದ ಕಡೆ ಇನ್ನೂ ಇರುತ್ತವೆ. ಹೊಲದ ಉಳಿದ ಭಾಗದಲ್ಲಿ ಆ ಹೆಂಗಸಿನ ಗಂಡ, ಮಕ್ಕಳು, ನೆರೆಯವರು ಇರಬೇಕು. ಗೋಥ್ ಉಡುಪಿನವರು, ರೋಮನ್ ಉಡುಪಿನವರು ಒಂದೇ ಸಾಲಿನಲ್ಲಿ ಮಲಗಿದ್ದಾರೋ, ದೂರ ದೂರವೋ? ತಿಳಿಯಬೇಕಾದರೆ ಇಡೀ ಹೊಲ ಅಗೆಯಬೇಕು. ಪುರಾತತ್ವ ಕಚೇರಿಯವರ ಹತ್ತಿರ ಅದಕ್ಕೆ ಹಣವಿರಲಿಲ್ಲ. ಲೆಯಾರ್ಕೊನ ಹತ್ತಿರ ತಾಳ್ಮೆ ಇರಲಿಲ್ಲ. ದಿನಾ ಬೆಳಿಗ್ಗೆ ಅವನು ಬಂದು, ಡೇರೆಯ ಪಕ್ಕ ನಿಂತು, ಗಟ್ಟಿಯಾಗಿ ಕೇಳುವನು: "ಎದ್ದಳೇನ್ರೀ, ಡಾಕ್ಟ್ರಮ್ಮಾ?"

"ಇನ್ನೂ ಇಲ್ಲ."

"ಸಾವಿರದೈನೂರು ವರ್ಷ ಮಲಗಿದಾಳೆ, ಇನ್ನೂ ನಿದ್ದೆ ಸಾಲ್ದಾ? ನನ್ನ ದ್ರಾಕ್ಷಿ ಕಾಯುತ್ತಾ? ಹಣ್ಣಾದ್ಮೇಲೆ ಅವಳ ಬಾಯಿಗೇ ಹಿಂಡ್ತೀನಿ, ನೋಡ್ತಿರಿ."

ಲುಚಾನ ಒಂದು ಸಂಜೆ ಎರ್ಸಿಲಿಯಳನ್ನು ಔಷಧಿ ಅಂಗಡಿಯ ಹಿಂದಿನ ಕೋಣೆಗೆ ಕರೆದಳು. ಊರಿನ ಶಾಲೆ ಮುಚ್ಚಿತ್ತು. ಖಾಲಿ ಕಟ್ಟಡದಲ್ಲಿ ಮ್ಯೂಸಿಯಂ ಮಾಡಲು ಪ್ರಾಂತ್ಯದ ಸರಕಾರ ಹಣ ಕೊಡುವ ಹಾಗಿತ್ತು. ಅದೇ ಹಣದಲ್ಲಿ ಒಂದು ಪಾಲು ತೆಗೆದು ಲೆಯಾರ್ಕೊನ ಇಡೀ ಹೊಲ ಅಗೆಯಬಹುದಿತ್ತು.

"ಅವರು ಕೊಡ್ತಿರೋದು ರಾಜಕುಮಾರಿಗೆ," ಅಂದಳು ಲುಚಾನ. "ಸೊಂಟ ಮುರಿದ ಹೆಂಗಸಿಗಲ್ಲ. ಶುಕ್ರವಾರ ಪತ್ರಿಕೆಯವರನ್ನ ಕರೆದಿದೀನಿ. ನೀನು ನನ್ನ ಪಕ್ಕ ಕೂತ್ಕೋ. ಸುಳ್ಳು ಹೇಳು ಅನ್ನಲ್ಲ. ಅಲ್ಲ ಅಂತ ಹೇಳ್ಬೇಡ, ಅಷ್ಟೆ."

"ಲುಚಾನ, ಅದು ಸುಳ್ಳೇ."

"ಈ ಊರಿಗೆ ಈಗ ಯಾರು ಬರ್ತಾರೆ ಹೇಳು. ನನ್ನ ಅಂಗಡಿಗೆ ಬರೋರೆಲ್ಲ ಮಂಡಿನೋವಿನ ಮುಲಾಮಿಗೆ ಬರೋರು. ಮಕ್ಕಳಿಗೆ ಹಾಕೋ ಜ್ವರದ ಔಷಧಿ ಡಬ್ಬ ಅವಧಿ ಮುಗಿದು ಬಿಸಾಕ್ತೀನಿ. ಒಂದು ಬಸ್ಸು ತುಂಬ ಜನ ಬಂದು ಒಂದೊಂದು ಪಿಯಾದೀನ ರೊಟ್ಟಿ ತಿಂದು ಹೋದ್ರೂ ಸಾಕು ನಂಗೆ."

ಎರ್ಸಿಲಿಯ ಆ ಮಾತಿಗೆ ಸಿಟ್ಟಾಗಬೇಕೆಂದುಕೊಂಡಳು. ಸಿಟ್ಟು ಪೂರ್ತಿ ಬರಲಿಲ್ಲ. ಮನೆಗೆ ಹೋಗುವಾಗ ಇಲಾರಿಯೊನಿಗೆ ಹೇಳಿದಳು. ಅವನು ಗಾಡಿ ಓಡಿಸುತ್ತಲೇ ಭುಜ ಹಾರಿಸಿದ. "ಕೂತ್ಕೊಂಡು ಬನ್ನಿ. ಹೊಲ ಸಿಗತ್ತೆ. ಸತ್ಯ ಆಮೇಲೂ ಹೇಳಬಹುದು, ಕಾಂಕ್ರೀಟ್ ಹಾಕಿದ್ಮೇಲೆ ಹೊಲ ಅಗೆಯೋಕಾಗಲ್ಲ."

ಶುಕ್ರವಾರ ಅವಳು ಕೂತಳು. ಹಿಂದೆ ಗೋಡೆಯ ಮೇಲೆ ಬೆಳ್ಳಿಯ ಪಿನ್ನಿನ ಚಿತ್ರ ಬಾಗಿಲಿನಷ್ಟು ದೊಡ್ಡದಾಗಿ ನೇತಾಡುತ್ತಿತ್ತು. ಲುಚಾನ ಮಾತಿನ ಮಲ್ಲಿ. ಆಸ್ಥಾನ, ವೈಭವ, ಕಣಿವೆಯ ಒಡತಿ ಎಂದೆಲ್ಲ ಹೇಳಿದಳು. ಮುಂದಿನ ಸಾಲಿನ ಒಬ್ಬಳು ಎರ್ಸಿಲಿಯಳತ್ತ ತಿರುಗಿ, "ರಾಜಕುಮಾರಿ ಅಂತ ಖಚಿತಾನಾ?" ಎಂದು ಕೇಳಿದಳು.

ಮೇಜಿನ ಕೆಳಗೆ ಲುಚಾನಳ ಬೂಟು ಅವಳ ಕಾಲಿಗೆ ತಾಗಿತು.

"ಪರೀಕ್ಷೆಗಳು ನಡೀತಾ ಇವೆ," ಅಂದಳು ಎರ್ಸಿಲಿಯ. "ಈಗಲೇ ಏನೂ ಹೇಳೋಕಾಗಲ್ಲ."

ಹಣ ಬಂತು.

ಬೇಸಿಗೆಯಲ್ಲಿ ಹೊಲ ಅಗೆದರು. ಲೆಯಾರ್ಕೊನ ಒಂದು ಕೊಯ್ಲು ಹಳೆಯ ಶೆಡ್ಡಿನಲ್ಲೇ ಮುಗಿಯಬೇಕೆಂದಾಯಿತು. ಅವನು ಎರ್ಸಿಲಿಯಳೊಡನೆ ಮಾತು ಬಿಟ್ಟ. ಅವಳು ಅದನ್ನು ಲೆಕ್ಕಿಸಲಿಲ್ಲ. ಮೊದಲ ಪಟ್ಟಿಯ ಮೇಲ್ಮಣ್ಣು ತೆಗೆದಾಗ ಕೆಳಗೆ ಉದ್ದುದ್ದಕ್ಕೆ ಕಪ್ಪು ಗೆರೆಗಳು ಕಂಡವು, ಬಾಚಣಿಗೆಯಿಂದ ಎಳೆದ ಹಾಗೆ. ಗೆರೆಗಳಲ್ಲಿ ಬೆರಳಿನ ಮೂಳೆಯ ತುಂಡು, ತಲೆಬುರುಡೆಯ ಚಕ್ಕೆ, ಹಸಿರುಗಟ್ಟಿದ ತಗಡಿನ ಚೂರು. ಎರಡನೆಯ ಪಟ್ಟಿಯಲ್ಲೂ ಅದೇ. ಎಲ್ಲ ಕಡೆಯೂ ಅದೇ.

ಅವಳು ಗೆರೆಯನ್ನು ಕೈಯಿಂದ ಸವರಿದಳು. ನೇಗಿಲು. ಸಾಧಾರಣ ನೇಗಿಲಲ್ಲ, ದ್ರಾಕ್ಷಿ ನೆಡುವ ಮೊದಲು ಆಳಾಳಕ್ಕೆ ನೆಲ ಮಗುಚುವಂಥದ್ದು. ಗೋರಿಗಳ ಸಾಲಿಗೆ ಸಾಲೇ ಅದರ ಬಾಯಿಗೆ ಹೋಗಿತ್ತು. ಹೊಲದ ಮೂಲೆಯಲ್ಲಿ ಯಂತ್ರ ತಿರುಗಿಸಲು ಬಿಟ್ಟ ಅಂಚಿನಲ್ಲಿ ಆ ಒಬ್ಬ ಹೆಂಗಸು ಮಾತ್ರ ಉಳಿದುಕೊಂಡಿದ್ದಳು.

ಎರ್ಸಿಲಿಯ ಗುಂಡಿಯ ಅಂಚಿನಲ್ಲಿ ಕೂತಳು. ಇಲಾರಿಯೊ ನೀರು ತರುತ್ತೇನೆಂದು ಹೋದ. ಸ್ವಲ್ಪ ಹೊತ್ತಿಗೆ ಲೆಯಾರ್ಕೊ ಬಂದ. ಗೆರೆಗಳನ್ನು ನೋಡಿದ. ಅವನ ಮುಖ ಸಪ್ಪಗಾಯಿತು.

"ನಮ್ಮಪ್ಪ," ಅಂದ. "ನಂಗೆ ಆಗ ಮೀಸೆ ಚಿಗುರ್ತಿತ್ತು. ಇಂಥ ದೊಡ್ಡ ಯಂತ್ರ ತರಿಸಿದ್ದ. ಮಣ್ಣು ಮಗುಚಿದಾಗ ಬೆಳ್ಳಗೆ ಏನೇನೋ ಬಂತು. ಸುಣ್ಣದ ಕಲ್ಲು ಅಂತ ಅಂದ್ಕೊಂಡ್ವಿ."

"ಹೂಂ."

"ಅಂದ್ರೆ ಇಲ್ಲೇನೂ ಇಲ್ವಾ?"

"ಇಲ್ಲ."

"ಏನೂ?"

"ಏನೂ ಇಲ್ಲ ಅಂದ್ನಲ್ಲ!"

ಲೆಯಾರ್ಕೊ ಅವಳ ಪಕ್ಕ ಕೂತ. "ಅಂದ್ರೆ ನನ್ನ ಶೆಡ್ಡು ನಿಂತಿದ್ದು ದಂಡಕ್ಕೆ," ಅಂದ.

"ನಾನು ಬಾಯಿ ಮುಚ್ಕೊಂಡಿದ್ದೂ ದಂಡಕ್ಕೆ," ಅಂದಳು ಎರ್ಸಿಲಿಯ.

ಅವನಿಗೆ ಅದು ಅರ್ಥವಾಗಲಿಲ್ಲ. ಕೇಳಲೂ ಇಲ್ಲ. ಎದ್ದು ಹೋಗಿ ಟ್ಯಾಂಕುಗಳಲ್ಲೊಂದನ್ನು ಜಾಡಿಸಿ ಒದ್ದ. ಖಾಲಿ ಸ್ಟೀಲು ಗಂಟೆಯ ಹಾಗೆ ಮೊಳಗಿತು. ಅವಳಿಗೂ ಹೋಗಿ ಒಂದು ಒದೆಯಬೇಕೆನಿಸಿತು.

ಚಳಿಗಾಲ ಕಾಲಿಟ್ಟಾಗ ಹಲ್ಲಿನ ಪರೀಕ್ಷೆಯ ಫಲಿತಾಂಶ ಬಂತು. ಎಳವೆಯಲ್ಲಿ ಹಲ್ಲು ಬಲಿಯುವಾಗ ಕುಡಿದ ನೀರಿನ ಗುರುತು ಹಲ್ಲಿನಲ್ಲೇ ಉಳಿದಿರುತ್ತದೆ. ಈ ಹೆಂಗಸು ಕುಡಿದದ್ದು ಇದೇ ಕಣಿವೆಯ ನೀರು. ದೂರದ ನಾಡಿನಿಂದ ಬಂಡಿಯಲ್ಲಿ ಬಂದವಳಲ್ಲ. ಇಲ್ಲೇ ಹುಟ್ಟಿ, ಇಲ್ಲೇ ಹೊರೆ ಹೊತ್ತು ಸತ್ತವಳು. ಬಂದವರಿಗೆ ಇಲ್ಲಿ ಹುಟ್ಟಿದ ಮಗಳಿರಬಹುದು. ಗೋಥನ ಮನೆಗೆ ಸೊಸೆಯಾಗಿ ಹೋಗಿ, ಅತ್ತೆ ಕೊಟ್ಟ ಪಿನ್ನು ಹಾಕಿಕೊಂಡ ರೋಮನರ ಹುಡುಗಿಯೂ ಇರಬಹುದು. ಸುತ್ತಲಿನ ಗೋರಿಗಳಿದ್ದಿದ್ದರೆ ಯಾವುದೆಂದು ಹೇಳಬಹುದಿತ್ತೇನೋ. ಆದರೂ ಎರ್ಸಿಲಿಯ ಕುಣಿಯುವಷ್ಟು ಸಂತೋಷಪಟ್ಟಳು. ರಾಜರು ಬರೆಸಿದ್ದರಲ್ಲಿ ಗೋಥರು, ರೋಮನರು ಎಂದು ನಡುವೆ ಗೋಡೆ ಎದ್ದಿತ್ತು. ಆ ಗೋಡೆಯ ಎರಡೂ ಕಡೆ ಕಾಲಿಟ್ಟವಳೊಬ್ಬಳು ಇಲ್ಲಿದ್ದಳು.

ಎರ್ಸಿಲಿಯ ನೇರ ಶಾಲೆಯ ಕಟ್ಟಡಕ್ಕೆ ಹೋದಳು. ಒಳಗೆ ಬಣ್ಣದ ವಾಸನೆ. ಬಾಗಿಲ ಮೇಲೆ "ರಾಜಕುಮಾರಿಯ ಮನೆ" ಎಂಬ ಹಲಗೆ ಏರಿಸುತ್ತಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ನೇರಳೆ ಮಖಮಲ್ಲಿನ ಮೇಲೆ ಬೆಳ್ಳಿಯ ಪಿನ್ನು ಒಂಟಿಯಾಗಿ ಕೂತಿತ್ತು.

"ಇನ್ನೊಂದೆಲ್ಲಿ?"

"ಡ್ರಾಯರಲ್ಲಿದೆ," ಅಂದಳು ಲುಚಾನ. "ಅದನ್ನಿಟ್ರೆ ಇದರ ಕಳೆಯೂ ಹೋಗತ್ತೆ."

ಎರ್ಸಿಲಿಯ ಹಲ್ಲಿನ ವಿಷಯ ಹೇಳಿದಳು. ಬೆನ್ನಿನ ವಿಷಯ, ಅಚ್ಚಿನ ವಿಷಯ ಎಲ್ಲ ಮತ್ತೆ ಹೇಳಿದಳು. ಹೇಳುತ್ತ ಹೇಳುತ್ತ ದನಿ ಏರಿತು. ಏಣಿಯ ಮೇಲಿದ್ದವನು ಕೆಲಸ ನಿಲ್ಲಿಸಿ ನೋಡಿದ.

"ಈಗ ಹೇಳ್ತಿದೀಯಲ್ಲ!" ಅಂದಳು ಲುಚಾನ. "ನೀನೇ ಪಕ್ಕದಲ್ಲಿ ಕೂತಿದ್ದೆ. ಕೇಳಿದಾಗ ಪರೀಕ್ಷೆ ನಡೀತಿದೆ ಅಂದೆ."

"ಹೊಲಕ್ಕೋಸ್ಕರ ಅಂದೆ."

"ಹೊಲ ಕೊಟ್ನಲ್ಲ. ಅದರಲ್ಲಿ ಏನೂ ಇರಲಿಲ್ಲ ಅಂದ್ರೆ ನಾನೇನು ಮಾಡ್ಲಿ, ಗೋಥರನ್ನ ಹುಟ್ಟಿಸ್ಲಾ? ಕರಪತ್ರ ಅಚ್ಚಾಗಿದೆ. ಎರಡು ಬಸ್ಸಿನವರು ಬರ್ತೀವಿ ಅಂದಿದಾರೆ. ನೀನು ಈಗ ಬಂದು, ಇಲ್ಲ, ಇವಳು ಸೌದೆ ಹೊರೋ ಹೆಂಗಸು ಅಂದ್ರೆ..."

"ಸೌದೆ ಹೊರೋ ಹೆಂಗಸನ್ನ ನೋಡೋಕೂ ಜನ ಬರ್ತಾರೆ."

"ಯಾರು? ನೀನು. ಇನ್ಯಾರು?"

ಎರ್ಸಿಲಿಯ ಅಳು ಬರುವ ಹಾಗಾಗಿ, ಅದು ಕಾಣಬಾರದೆಂದು ಕಿಟಕಿಯ ಕಡೆ ತಿರುಗಿ ನಿಂತಳು. ಲುಚಾನ ನಿಟ್ಟುಸಿರು ಬಿಟ್ಟಳು. "ಸರಿ ಮಾರಾಯ್ತಿ. ಆ ಹಸಿರು ಪಿನ್ನು ಪಕ್ಕದಲ್ಲಿಡಿಸ್ತೀನಿ. ಹಲಗೆಗೆ ಮಾತ್ರ ಕೈ ಹಚ್ಚಬೇಡ."

ಉದ್ಘಾಟನೆಗೆ ಎರ್ಸಿಲಿಯ ಹೋಗಲಿಲ್ಲ. ಬೇರೊಂದು ಊರಿನಲ್ಲಿ ಚರಂಡಿಯ ಪಕ್ಕ ನಿಂತಿದ್ದಳು. ಭಾನುವಾರ ಬಂದು ನೋಡಿದಾಗ ಒಳಗೆ ನಿಜಕ್ಕೂ ಜನರಿದ್ದರು. ಬೆಳ್ಳಿಯ ಪಕ್ಕ ಕಂಚು ಇತ್ತು. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಒಂದೇ ಪದ ಅಚ್ಚಾಗಿತ್ತು: "ನಕಲು".

ಅವಳ ಮುಂದೆ ಗಂಡಹೆಂಡತಿ ಇಬ್ಬರು ಬಗ್ಗಿ ನೋಡುತ್ತಿದ್ದರು.

"ಇದು ಡೂಪ್ಲಿಕೇಟು," ಅಂದಳು ಹೆಂಡತಿ. "ಒರಿಜಿನಲ್ ರವೆನ್ನಾದಲ್ಲಿ ಇಟ್ಟಿರ್ತಾರೆ."

"ಎಷ್ಟು ಕೆಟ್ಟದಾಗಿ ಮಾಡಿದಾರೆ ನೋಡು," ಅಂದ ಗಂಡ. "ಬಣ್ಣಾನೂ ಕೂತಿಲ್ಲ."

ಎರ್ಸಿಲಿಯ ಕಣ್ಣು ಮುಚ್ಚಿದಳು. ಆಮೇಲೆ ಅವರ ಭುಜ ಮುಟ್ಟಿ, "ಸ್ವಾಮೀ, ಅದು ಈಗಿನದಲ್ಲ," ಎಂದು ಶುರುಮಾಡಿದಳು. ಎಲ್ಲವನ್ನೂ ಹೇಳಿದಳು. ಹೆಂಡತಿ ಕೇಳಿದಳು, ಬಗ್ಗಿ, ಎರಡೂ ಪಿನ್ನಿನ ಮುಕ್ಕಾದ ಬೆರಳುಗಳನ್ನು ಹೋಲಿಸಿ ನೋಡಿದಳು. ಗಂಡ ವಿನಯದಿಂದ ತಲೆಯಾಡಿಸಿ, ಕಿರೀಟ ಯಾವ ಕೋಣೆಯಲ್ಲಿದೆ ಎಂದು ಕೇಳಿದ.

ಅವರು ಹೋದ ಮೇಲೆ ಅವಳು ಚೀಲದಿಂದ ಅಂಟುಪಟ್ಟಿ ತೆಗೆದಳು. ಗುಂಡಿಯಲ್ಲಿ ಸಿಕ್ಕ ಚೂರುಗಳ ಪೊಟ್ಟಣಕ್ಕೆ ಹೆಸರು ಬರೆದು ಅಂಟಿಸುವ ಪಟ್ಟಿ ಅದು. ಅದರ ಮೇಲೆ ದಪ್ಪ ಪೆನ್ನಿನಲ್ಲಿ, "ಈ ನಕಲು ಮಾಡಿಸಿದ್ದು ಇದನ್ನು ತೊಟ್ಟವಳೇ, ಬದುಕಿದ್ದಾಗ" ಎಂದು ಬರೆದು, ಗಾಜಿನ ಹೊರಗೆ ಅಂಟಿಸಿದಳು. ಬಾಗಿಲ ಬಳಿಯ ಕಾವಲಿನವಳು ನೋಡಿಯೂ ನೋಡದವಳಂತೆ ಮೊಬೈಲಿಗೆ ತಲೆ ತಗ್ಗಿಸಿದಳು.

ಮುಂದಿನ ಭಾನುವಾರ ಬಂದಾಗ ಪಟ್ಟಿ ಇರಲಿಲ್ಲ. ಇನ್ನೊಂದು ಬರೆದು ಅಂಟಿಸಿದಳು. ಅದನ್ನೂ ಕಿತ್ತಿದ್ದರು. ಲುಚಾನ ಫೋನು ಮಾಡಿ ಕೂಗಾಡಿದಳು, ಗಾಜಿಗೆ ಕಲೆಯಾಗುತ್ತದೆಂದಳು, ಪೊಲೀಸರನ್ನು ಕರೆಯುತ್ತೇನೆಂದಳು. ಎರ್ಸಿಲಿಯ ಕಿವಿಯಿಂದ ಫೋನು ದೂರ ಹಿಡಿದು ಇಲಾರಿಯೊನಿಗೂ ಕೇಳಿಸಿದಳು. ಚಳಿ ಕಳೆದು ದ್ರಾಕ್ಷಿ ಚಿಗುರುವ ಹೊತ್ತಿಗೆ ಒಂದು ಭಾನುವಾರ ಹಳೆಯ ಪಟ್ಟಿ ಹಾಗೇ ಇತ್ತು. ಕೀಳುವವಳಿಗೆ ಬೇಸರ ಬಂದಿರಬೇಕು. ಬಾಗಿಲ ಮೇಲೆ ರಾಜಕುಮಾರಿಯ ಹಲಗೆಯೂ ಹಾಗೇ ಇತ್ತು. ಯಾರೋ ಅದಕ್ಕೆ ದೀಪವನ್ನೂ ಕಟ್ಟಿದ್ದರು.

ಎರ್ಸಿಲಿಯ ಹೊರಬಂದಾಗ ಬಸ್ಸೊಂದು ಬಂದು ನಿಂತಿತ್ತು. ಬಾಗಿಲಲ್ಲಿ ಜನ ನೂಕಾಡುತ್ತಿದ್ದರು. ಅವಳು ಗಡಿಯಾರ ನೋಡಿಕೊಂಡಳು, ಬೈದುಕೊಂಡಳು, ಕೋಟಿನ ಗುಂಡಿ ಮತ್ತೆ ಬಿಚ್ಚಿ ಅವರ ಹಿಂದೆ ಒಳಗೆ ಹೋದಳು.